26 ಇಂಚಿನ ಸ್ಟೀಲ್ ಟೂರಿಂಗ್ ಸೈಕಲ್: ಪಾಮಿರ್ ದಾರಿಯೂ ಸೇರಿ 14,000 ಕಿಲೋಮೀಟರು ತುಳಿದ ಮೇಲೆ

ಈ ಸೈಕಲನ್ನು ನಾನು 2017ರಲ್ಲಿ ಬೆಂಗಳೂರಿನಲ್ಲಿ ಒಬ್ಬರಿಂದ ಸೆಕೆಂಡ್ ಹ್ಯಾಂಡ್ ಆಗಿ ಕೊಂಡೆ. ಹಿಂದಿನ ಮಾಲೀಕರು ಸ್ಟಿಕ್ಕರುಗಳನ್ನೆಲ್ಲ ಕೆರೆದು ಹೊಸ ಬಣ್ಣ ಹೊಡೆಸಿದ್ದರಿಂದ ಇದು ಯಾವ ಕಂಪನಿಯದೆಂದು ನನಗೂ ತಿಳಿಯದು. ಆದ್ದರಿಂದ ಇದನ್ನು ಒಂದು ಬ್ರ್ಯಾಂಡಿನ ವಿಮರ್ಶೆ ಎನ್ನುವುದಕ್ಕಿಂತ ಒಂದು ಬಗೆಯ ಸೈಕಲ್ಲಿನ ವಿಮರ್ಶೆ ಎಂದು ಓದಿಕೊಳ್ಳಬೇಕು. ಈವರೆಗೆ ತುಳಿದ 14,000 ಕಿಲೋಮೀಟರುಗಳಲ್ಲಿ ಸುಮಾರು 1,500 ಮಾತ್ರ, 2019ರ ಬೇಸಿಗೆಯಲ್ಲಿ, ತಜಿಕಿಸ್ತಾನದ ದುಶಾನ್ಬೆಯಿಂದ ಕಿರ್ಗಿಸ್ತಾನದ ಓಶ್ ನಗರದವರೆಗೆ, ಪಾಮಿರ್ ಪರ್ವತಗಳ ದಾರಿಯಲ್ಲಿ, ಒಬ್ಬನೇ ಕ್ರಮಿಸಿದ್ದು. ಆದರೂ ನನ್ನ ಅಭಿಪ್ರಾಯಗಳೆಲ್ಲ ಆ ದಾರಿಯಲ್ಲೇ ಹುಟ್ಟಿದವು. ನಂದಿಬೆಟ್ಟದ ಟಾರು ರಸ್ತೆಯಲ್ಲಿ ಎಲ್ಲ ಸೈಕಲ್ಲುಗಳೂ ಒಳ್ಳೆಯವೇ.

ಕ್ರೋಮೋಲಿ ಉಕ್ಕಿನ ಫ್ರೇಮು, 26 ಇಂಚಿನ ಚಕ್ರಗಳು, ಒಂದೊಂದಕ್ಕೂ 36 ಕಡ್ಡಿಗಳು, ವಿ-ಬ್ರೇಕು, ಮುಂದೆ ಮೂರು ಹಿಂದೆ ಒಂಬತ್ತು ಗೇರು. ಬರಿಯ ಸೈಕಲ್ಲೇ 15 ಕಿಲೋ ತೂಗುತ್ತದೆ. ಗುಡಾರ, ಅಡುಗೆ ಸಾಮಾನು, ಆರು ಲೀಟರ್ ನೀರು ಹೇರಿದರೆ ಮೆಟ್ಟಿಲ ಮೇಲೆ ಎತ್ತಿಕೊಂಡು ಹೋಗುವ ಮಾತೇ ಇಲ್ಲ. ಇದು ನಿಧಾನದ ಸೈಕಲ್. ಆ ನಿಧಾನವನ್ನು ದೋಷವೆಂದು ಬರೆಯಬೇಕೋ ಗುಣವೆಂದು ಬರೆಯಬೇಕೋ ಎಂಬುದನ್ನು ನಾನು ಇನ್ನೂ ತೀರ್ಮಾನಿಸಿಲ್ಲ, ಏಕೆಂದರೆ ದಾರಿಯಲ್ಲಿ ಸಿಕ್ಕವರಲ್ಲಿ ಹೆಚ್ಚಿನವರು ನಾನು ವೇಗವಾಗಿ ಹೋಗಲಾರದ ಕಾರಣಕ್ಕೇ ಸಿಕ್ಕವರು.

ದುಶಾನ್ಬೆಯಿಂದ ಆಗ್ನೇಯಕ್ಕೆ ಹೋಗುವ ರಸ್ತೆಯಲ್ಲಿ ದಂಘರಾ ಎಂಬ ಊರಿದೆ. ನಾನು ಹೋಗುವುದಕ್ಕೂ ಹಿಂದಿನ ವರ್ಷ, 2018ರ ಜುಲೈ 29ರಂದು, ಅಲ್ಲಿಗೆ ಸಮೀಪದಲ್ಲಿ ವಿದೇಶಿ ಸೈಕಲ್ ಸವಾರರ ಗುಂಪಿನ ಮೇಲೆ ಕಾರು ನುಗ್ಗಿಸಿ ನಾಲ್ವರನ್ನು ಕೊಂದಿದ್ದರು. ನಾನು ಅಂಜಿಕೆಯಿಂದಲೇ ಆ ಪ್ರದೇಶ ಸೇರಿದೆ, ಹಿಂದಿನಿಂದ ಬರುವ ಪ್ರತಿ ವಾಹನದ ಸದ್ದಿಗೂ ರಸ್ತೆಯ ಅಂಚಿಗೆ ಸರಿಯುತ್ತಿದ್ದೆ. ಕಲ್ಲಂಗಡಿ ಮಾರುತ್ತಿದ್ದ ಹಿರಿಯರೊಬ್ಬರು ಕೈ ಅಡ್ಡ ಹಿಡಿದು ನಿಲ್ಲಿಸಿ, ಮೊದಲು 'ಅತ್ಕೂದಾ?' ಎಂದರು, ಎಲ್ಲಿಯವನು ಎಂದು. ಆಮೇಲೆ ಒಂದು ಬೆರಳೆತ್ತಿ 'ಅದಿನ್?' ಎಂದರು, ಒಬ್ಬನೇ ಏನು ಎಂದು. ಮುಂದೆ ಓಶ್‌ವರೆಗೂ ದಿನಕ್ಕೆ ಹತ್ತು ಸಲ ಕೇಳಿಸಿಕೊಂಡ ಈ ಎರಡು ರಷ್ಯನ್ ಪ್ರಶ್ನೆಗಳ ಪರಿಚಯವಾದದ್ದು ಅಲ್ಲಿಯೇ. ನನ್ನ ತಲೆಯಾಟ ನೋಡಿ ಅವರು ಎದೆಯ ಮೇಲೆ ಕೈಯಿಟ್ಟು ಬಹಳ ಹೊತ್ತು ಏನೋ ಹೇಳಿದರು. ಮಾತು ತಿಳಿಯದಿದ್ದರೂ ಸೈಕಲ್ಲನ್ನೂ ರಸ್ತೆಯನ್ನೂ ತೋರಿಸುತ್ತಿದ್ದ ಕೈ, ಒದ್ದೆಯಾಗುತ್ತಿದ್ದ ಕಣ್ಣು ಯಾವುದರ ಬಗ್ಗೆ ಎಂಬುದು ತಿಳಿಯದಿರಲಿಲ್ಲ. ಕೊಯ್ದು ಕೊಟ್ಟ ಅರ್ಧ ಹಣ್ಣಿಗೆ ಹಣ ಮುಟ್ಟಲಿಲ್ಲ.

ಇನ್ನು ಸೈಕಲ್ಲಿನ ವಿಷಯ. ಖೊರೋಗ್ ಪಟ್ಟಣ ತಲುಪುವ ಮುನ್ನ ಕಲ್ಲಿನ ಮೇಲೆ ಒಮ್ಮೆ ಬಿದ್ದು ಹಿಂದಿನ ಗೇರು ತೂಗುವ ಕೊಕ್ಕೆ ಬಾಗಿತು. ಅಲ್ಯೂಮಿನಿಯಂ ಫ್ರೇಮಿನದಾಗಿದ್ದರೆ ತಿರುಗಿಸುವಾಗ ಮುರಿಯುವ ಸಂಭವವೇ ಹೆಚ್ಚು. ಇದು ಉಕ್ಕಿನದಾದ್ದರಿಂದ ಲಾರಿಯ ಚಾಲಕನೊಬ್ಬ ದೊಡ್ಡ ಸ್ಪ್ಯಾನರಿನಿಂದ ಹಿಡಿದು ನೆಟ್ಟಗೆ ಮಾಡಿಕೊಟ್ಟ. ಕ್ಲಿಕ್ ಎಂದು ಬೀಳದ ಹಳೆಯ ಮಾದರಿಯ ಗೇರ್ ಲಿವರ್ ಇದ್ದುದರಿಂದ, ಕೊಕ್ಕೆ ಪೂರ್ತಿ ನೇರವಾಗದಿದ್ದರೂ ಗೇರು ಬೀಳುತ್ತಿತ್ತು.

ಪಂಜ್ ನದಿಯ ದಡದ ದಾರಿ ನೂರಾರು ಕಿಲೋಮೀಟರು ಅಫ್ಘಾನಿಸ್ತಾನವನ್ನು ಕಣ್ಣೆದುರಿಗೇ ಇಟ್ಟುಕೊಂಡು ಸಾಗುತ್ತದೆ. ಒಂದೆಡೆ ನದಿ ಕಿರಿದಾಗಿ, ಆಚೆ ದಡದಲ್ಲಿ ಕತ್ತೆಯ ಮೇಲೆ ಹೊರಟಿದ್ದ ಹುಡುಗನೂ ನಾನೂ ಹೆಚ್ಚುಕಡಿಮೆ ಒಂದೇ ವೇಗದಲ್ಲಿ ಅರ್ಧ ಗಂಟೆ ಜೊತೆಜೊತೆಯಾಗಿ ಸಾಗಿದೆವು. ಅವನು ಕೈ ಬೀಸಿದಾಗ ನಾನೂ ಬೀಸುತ್ತಿದ್ದೆ, ನಾನು ಬೆಲ್ ಹೊಡೆದಾಗ ಅವನು ಶಿಳ್ಳೆ ಹಾಕುತ್ತಿದ್ದ. ಏರು ಬಂದಾಗ ಕತ್ತೆ ಗೆದ್ದಿತು.

ವಾಖಾನ್ ಕಣಿವೆಯಲ್ಲಿ ಮಳೆಗೆ ಸಿಕ್ಕಿ ಒಂದು ಮನೆಯ ಮುಂದೆ ನಿಂತಾಗ ಆ ಮನೆಯ ಯಜಮಾನರು ಸೈಕಲ್ಲನ್ನೂ ಸೇರಿಸಿ ಒಳಗೆ ಕರೆದುಕೊಂಡರು. ಪಾಮಿರಿ ಮನೆಗಳಿಗೆ ಐದು ಕಂಬಗಳು, ನಡುಮಾಡಿಗೆ ಒಂದರೊಳಗೊಂದು ಕೂಡಿಸಿದ ನಾಲ್ಕು ಚೌಕಗಳ ಬೆಳಕಿಂಡಿ. ಅಲ್ಲಿನವರು ಶಿಯಾ ಮುಸ್ಲಿಮರ ಒಂದು ಪಂಗಡವಾದ ಇಸ್ಮಾಯಿಲಿಗಳು, ಯಜಮಾನರು ಒಂದೊಂದು ಕಂಬವನ್ನೂ ಮುಟ್ಟಿ ಮುಹಮ್ಮದ್, ಅಲಿ, ಫಾತಿಮಾ, ಹಸನ್, ಹುಸೇನ್ ಎಂದು ಹೆಸರು ಹೇಳಿದರು. ಉಪ್ಪು, ಬೆಣ್ಣೆ ಹಾಕಿದ ಹಾಲಿನ ಚಹಾ ಶೀರ್‌ಚಾಯ್ ಬಂತು, ಅದರೊಳಗೆ ಮುರಿದು ಹಾಕಿಕೊಳ್ಳಲು ರೊಟ್ಟಿ. ಇಬ್ಬರಾಗಿ ಬಂದಿದ್ದರೆ ಹೀಗೆ ಒಳಗೆ ಕರೆಯುತ್ತಿದ್ದರೋ ಇಲ್ಲವೋ. ಒಬ್ಬನಿಗೆ ಚಾಪೆಯ ಮೂಲೆ ಸಾಕಲ್ಲ.

ಈ ಸೈಕಲ್ಲಿಗೆ ನಾನು ಮಾಡಿದ ಒಂದೇ ದೊಡ್ಡ ತಪ್ಪು ಎಂದರೆ ತೂಕ ಉಳಿಸಲೆಂದು ಹಿಂದಕ್ಕೆ ಅಲ್ಯೂಮಿನಿಯಂ ಕ್ಯಾರಿಯರ್ ಹಾಕಿಸಿದ್ದು. ಅಲಿಚೂರ್ ಹಳ್ಳಿ ದಾಟಿದ ಮೇಲೆ, ತೊಳೆಯುವ ಕಲ್ಲಿನ ಗೀರುಗಳಂತೆ ಏರಿಳಿಯುವ ರಸ್ತೆಯ ಕುಲುಕಾಟಕ್ಕೆ, ಅದರ ಎಡಗಾಲು ಮುರಿಯಿತು. ಬೈಂಡಿಂಗ್ ವೈರಿನಿಂದ ಬಿಗಿದು ಸ್ವಲ್ಪ ದೂರ ತಳ್ಳಿದೆ. ಕೊನೆಗೆ ಒಂದು ಲಾರಿ ಹತ್ತಿ ಮುರ್ಗಾಬ್ ಸೇರಬೇಕಾಯಿತು. ಮುರ್ಗಾಬಿನ ಬಜಾರೆಂದರೆ ಹಡಗಿನ ಹಳೆಯ ಕಂಟೇನರುಗಳ ಸಾಲು. ಅಲ್ಲಿದ್ದ ವೆಲ್ಡರ್, ಬಿಳಿ ಟೊಪ್ಪಿಗೆಯ ಕಿರ್ಗಿಜ್ ಮುದುಕ, ಮುರಿದ ತುದಿಯನ್ನು ಉಗುರಿನಿಂದ ಕೆರೆದು ನೋಡಿ ತಲೆ ಅಲ್ಲಾಡಿಸಿದ. ಅಲ್ಯೂಮಿನಿಯಂ ಬೆಸೆಯಲು ಬೇಕಾದ ಆರ್ಗಾನ್ ಅನಿಲದ ಸಲಕರಣೆ ಅಂಥ ಅಂಗಡಿಯಲ್ಲಿ ಎಲ್ಲಿರಬೇಕು? ಅವನು ಒಂದು ಕಬ್ಬಿಣದ ಸರಳನ್ನು ಬಗ್ಗಿಸಿ, ಎರಡು ಹೋಸ್ ಕ್ಲಿಪ್ಪುಗಳಿಂದ ಮುರಿದ ಕಾಲಿಗೆ ಜೋಡಿಸಿ, ತಾನೇ ಅದರ ಮೇಲೆ ಕುಳಿತು ಪರೀಕ್ಷಿಸಿದ. ಕೆಲಸ ನಡೆಯುವಾಗಲೆಲ್ಲ ರಾಜ್ ಕಪೂರ್, ಮಿಥುನ್ ಚಕ್ರವರ್ತಿ ಎಂದು ಸೋವಿಯತ್ ಕಾಲದ ಸಿನಿಮಾ ನೆನಪುಗಳನ್ನು ಹೇಳುತ್ತಿದ್ದ. ಮಿಥುನ್ ನನ್ನ ಊರಿನವರಲ್ಲ ಎಂಬುದನ್ನು ಕೊನೆಗೂ ಅವನಿಗೆ ತಿಳಿಸಲಾಗಲಿಲ್ಲ.

ಆ ಸರಳಿನ ಮೇಲೆಯೇ 4,655 ಮೀಟರ್ ಎತ್ತರದ ಅಕ್-ಬೈತಾಲ್ ಕಣಿವೆದಾರಿ ದಾಟಿದೆ. ಕೊನೆಯ ಏರಿನಲ್ಲಿ ತುಳಿದದ್ದಕ್ಕಿಂತ ತಳ್ಳಿದ್ದೇ ಹೆಚ್ಚು. ಆಚೆಗೆ ಕರಾಕುಲ್ ಸರೋವರದ ಹಳ್ಳಿಯಲ್ಲಿ ತಂಗಿದ್ದ ಮನೆಯಲ್ಲಿ, ಸಸ್ಯಾಹಾರಿಯಾದ ನಾನು ಮನೆಯಿಂದ ತಂದಿದ್ದ ರಾಗಿ ಹುರಿಹಿಟ್ಟನ್ನು ಚಹಾದಲ್ಲಿ ಕಲಸಿಕೊಳ್ಳುತ್ತಿದ್ದಾಗ, ಮನೆಯೊಡತಿ ಬೆರಳಿಗೆ ಹಿಟ್ಟು ಹಚ್ಚಿಕೊಂಡು ರುಚಿ ನೋಡಿ 'ತಾಲ್ಕಾನ್!' ಎಂದು ಕೂಗಿದರು. ಹುರಿದ ಧಾನ್ಯದ ಹಿಟ್ಟಿಗೆ ಕಿರ್ಗಿಜ್ ಭಾಷೆಯಲ್ಲಿ ಅದೇ ಹೆಸರು. ಪಕ್ಕದ ಮನೆಯವರನ್ನೂ ಕರೆದು, ಅದರ ಕಪ್ಪು ಬಣ್ಣದ ಬಗ್ಗೆ ಚರ್ಚೆ ನಡೆಸಿ, ನನ್ನ ಬಟ್ಟಲಿಗೆ ಒಂದು ಚಮಚ ಕೆನೆ ಹಾಕಿಕೊಟ್ಟರು. ಹುರಿಹಿಟ್ಟಿಗೆ ಬೆಲ್ಲವೇ ಸರಿ ಎಂಬ ನನ್ನ ಪಟ್ಟು ಅಂದು ಸ್ವಲ್ಪ ಸಡಿಲವಾಯಿತು.

ದೂರುಗಳೂ ಇವೆ. ಎದುರುಗಾಳಿಯಲ್ಲಿ ಈ ಸೈಕಲ್ ತುಳಿಯುವುದು ಶಿಕ್ಷೆ. ಧೂಳು, ಮರಳಿನಲ್ಲಿ ವಿ-ಬ್ರೇಕಿನ ರಬ್ಬರು ಬೇಗ ಸವೆದು ರಿಮ್ಮನ್ನೂ ತಿನ್ನುತ್ತದೆ. ನಾನು ಎರಡು ಜೊತೆ ಬದಲಿಸಿದೆ. ಬಣ್ಣ ಕಿತ್ತುಹೋದ ಕಡೆ ಬೆಂಗಳೂರಿನ ಮಳೆಗೆ ತುಕ್ಕು ಹಿಡಿಯುತ್ತದೆ. ವಾರಾಂತ್ಯಕ್ಕೆ ಐವತ್ತು ಕಿಲೋಮೀಟರು ಓಡಿಸುವವರಿಗೆ ಇದು ಬೇಡವೇ ಬೇಡ.

ಹಿಂದಿರುಗಿದ ಮೇಲೆ ಉಕ್ಕಿನ ಕ್ಯಾರಿಯರ್ ಹಾಕಿಸಿದ್ದೇನೆ, ಅರ್ಧ ಕಿಲೋ ತೂಕ ಹೆಚ್ಚಾಗಿದೆ. ಇಂಥ ಸೈಕಲ್ಲನ್ನು ಹಳೆಯದಾಗಿ ಕೊಳ್ಳುವವರು ಗೇರು, ಬ್ರೇಕುಗಳಿಗೆ ತಲೆ ಕೆಡಿಸಿಕೊಳ್ಳುವ ಮೊದಲು ಹಿಂದಿನ ಫೋರ್ಕಿನ ಬುಡದಲ್ಲಿ ಕ್ಯಾರಿಯರ್ ಕೂಡುವ ತೂತುಗಳ ಸುತ್ತ ಬಣ್ಣ ಬಿರುಕು ಬಿಟ್ಟಿದೆಯೇ ಎಂದು ಟಾರ್ಚ್ ಹಾಕಿ ನೋಡಿ. ಬಿಟ್ಟಿದ್ದರೆ ಬೆಲೆ ಎಷ್ಟೇ ಇಳಿಸಿದರೂ ಕೊಳ್ಳಬೇಡಿ.