ಮೆಣಸಿನ ಥ್ರಿಪ್ಸ್ ನುಸಿಗೆ ಕ್ರೈಸೋಪರ್ಲಾ ಮೊಟ್ಟೆ: ಬಳಸಿದವರ ಅಭಿಪ್ರಾಯ

ಎಲೆಯ ರಸ ಹೀರಿ ಮುಟುರಿಸುವ ಥ್ರಿಪ್ಸ್ ಎಂಬ ಪುಟ್ಟ ಕೀಟದ ಹತೋಟಿಗೆಂದು ಬ್ಯಾಡಗಿ ಮೆಣಸಿನ ಹೊಲಕ್ಕೆ ಈ ಹಂಗಾಮಿನಲ್ಲಿ ತರಿಸಿಕೊಂಡದ್ದು, ಕ್ರೈಸೋಪರ್ಲಾ ಜಸ್ಟ್ರೋವಿ ಸಿಲ್ಲೆಮಿ ಎಂಬ, ಬೇರೆ ಕೀಟಗಳನ್ನು ಬೇಟೆಯಾಡುವ ಪರಭಕ್ಷಕ ಕೀಟದ ಮೊಟ್ಟೆಗಳನ್ನು. ಇದು ನಮ್ಮ ದೇಶದ್ದೇ ಕೀಟ. ಪ್ರಯೋಗಾಲಯಗಳಲ್ಲಿ ಅಕ್ಕಿ ಪತಂಗದ ಮೊಟ್ಟೆ ಉಣಿಸಿ ಇದನ್ನು ಸಾಕುತ್ತಾರೆ. ಔಷಧಿ ಹೊಡೆದ ಮರುದಿನವೇ ಗಿಡ ಶುಚಿಯಾಗಬೇಕೆನ್ನುವವರು ಇದನ್ನು ಕೊಳ್ಳದಿರುವುದೇ ಲೇಸು.

ಬೇಟೆಯಾಡುವುದು ಮರಿಹುಳು ಮಾತ್ರ; ಹಸಿರು ರೆಕ್ಕೆಯ ಪ್ರೌಢ ಕೀಟ ಮಕರಂದ, ಪರಾಗಗಳಿಂದ ಬದುಕುತ್ತದೆ. ಮುಟುರಿದ ಕುಡಿಯೆಲೆಯ ತಳದಲ್ಲಿ ಮರಿಯೊಂದನ್ನು ಮಸೂರದಡಿ ಗಮನಿಸಿದಾಗ, ಅದು ಕುಡುಗೋಲಿನಂಥ ದವಡೆಗಳಲ್ಲಿ ಹಳದಿ ಥ್ರಿಪ್ಸ್ ಮರಿಯನ್ನು ಕಚ್ಚಿ ಹಿಡಿದು, ರಸವನ್ನೆಲ್ಲ ಹೀರಿ, ಸಿಪ್ಪೆಯನ್ನು ಬಿಸುಟು ಮುಂದೆ ಸಾಗಿತು. ಎಳೆಯ ಗಿಡಗಳಲ್ಲಿ ಮುಟುರು ಹರಡುವುದು ಕಣ್ಣಿಗೆ ಕಾಣುವಷ್ಟು ತಗ್ಗಿತು.

ಆದರೆ ಥ್ರಿಪ್ಸ್ ಮೊಟ್ಟೆಯಿಡುವುದು ಎಲೆಯ ಅಂಗಾಂಶದೊಳಗೆ, ಮರಿ ಪ್ರೌಢವಾಗುವ ಮುನ್ನಿನ ಕೋಶಾವಸ್ಥೆ ಕಳೆಯುವುದು ಬಹುಪಾಲು ಮಣ್ಣಿನಲ್ಲಿ. ಅಲ್ಲಿಗೆಲ್ಲ ಕ್ರೈಸೋಪರ್ಲಾ ಮರಿಯ ಬಾಯಿ ತಲುಪದು. ಬೆಂಗಳೂರಿನ ಪರಂಗಿಯಲ್ಲಿ 2015ರಲ್ಲಿ ಮೊದಲು ವರದಿಯಾಗಿ, 2021ರಲ್ಲಿ ಮೆಣಸಿನ ಬೆಳೆಯನ್ನು ನೆಲಕಚ್ಚಿಸಿದ ಥ್ರಿಪ್ಸ್ ಪಾರ್ವಿಸ್ಪೈನಸ್ ಎಂಬ ಇನ್ನೊಂದು ಜಾತಿಯ ಥ್ರಿಪ್ಸ್ ಹೂವಿನೊಳಗೆ ಗುಂಪುಗುಂಪಾಗಿ ಅವಿತಿರುವುದರಿಂದ, ಹೂ ಬಿಟ್ಟ ಮೇಲೆ ಈ ಸರಕನ್ನೇ ನಂಬಿ ಕೂರುವಂತಿಲ್ಲ. ಹೂವಿನೊಳಗೆ ನುಗ್ಗಿ ಬೇಟೆಯಾಡುವ ಓರಿಯಸ್ ತಿಗಣೆಗಳು ವಿಷ ಬೀಳದ ಹೊಲಕ್ಕೆ ತಾವಾಗಿಯೇ ಬರುತ್ತವೆ, ಅದಕ್ಕೆ ಬಿಡಿಗಾಸೂ ಬೇಡ. ಅದೇ ಬಳಗದ ಬ್ಲಾಪ್ಟೋಸ್ಟೆಥಸ್ ತಿಗಣೆಯನ್ನು ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಸಂಸ್ಥೆಯೂ ಸಾಕುತ್ತದೆ.

ದೂರಿರುವುದು ಪೊಟ್ಟಣದ ಬಗ್ಗೆ. ಕ್ರೈಸೋಪರ್ಲಾ ಮರಿಗಳು ಹಸಿದರೆ ಒಂದನ್ನೊಂದು ತಿನ್ನುತ್ತವೆಂಬುದು ಸಾಕುವವರೆಲ್ಲರಿಗೂ ಗೊತ್ತಿರುವ ಸಂಗತಿ. ಹಾಗಿದ್ದೂ ನನಗೆ ಮಾರಿದವರು ಮೊಟ್ಟೆಗಳನ್ನು ಒಂದೇ ಡಬ್ಬಿಯಲ್ಲಿ, ನಡುವೆ ಯಾವ ಅಡ್ಡಗೋಡೆಯೂ ಇಲ್ಲದೆ, ಮೊಟ್ಟೆಯಿಟ್ಟ ದಿನಾಂಕವನ್ನೂ ನಮೂದಿಸದೆ ಕೊರಿಯರ್‌ನಲ್ಲಿ ಕಳುಹಿಸಿದ್ದರು. ಮೂರು-ನಾಲ್ಕು ದಿನಗಳಲ್ಲೇ ಒಡೆಯುವ ಮೊಟ್ಟೆಗೆ ಇದು ಸಲ್ಲದ ಏರ್ಪಾಡು: ಡಬ್ಬಿ ತೆರೆದಾಗ ಕೊಬ್ಬಿದ ಕೆಲವು ಮರಿಗಳೂ ಬರಿಯ ಸಿಪ್ಪೆಗಳೂ ಕಂಡವು. ಬೆಲೆಯಲ್ಲಿ ರಿಯಾಯಿತಿ ಕೇಳಿದ್ದಕ್ಕೆ ಉತ್ತರವೇ ಬರಲಿಲ್ಲ.

ನಾಟಿಯ ಆರಂಭದ ವಾರಗಳಿಗೆ, ದಿನಾಂಕ ನಮೂದಿಸಿ ಬಿಡಿಬಿಡಿಯಾಗಿ ಕಟ್ಟಿಕೊಡುವವರು ಸಿಕ್ಕರೆ, ಇದನ್ನೇ ಮತ್ತೆ ಕೊಳ್ಳುತ್ತೇನೆ. ಬಿಡುವ ಮುನ್ನವೂ ನಂತರವೂ ಇಮಿಡಾಕ್ಲೋಪ್ರಿಡ್‌ನಂಥ ಕೀಟನಾಶಕವನ್ನು ಸಿಂಪಡಿಸುವ ಇರಾದೆಯಿದ್ದರೆ ಮಾತ್ರ ಈ ಖರ್ಚು ಪೂರ್ತಿ ದಂಡ.