ಪೆನ್ಸಿಲ್ ಚೀಟಿಯ ಅಂಗಡಿ

ಅಂಗಡಿಯ ಹೆಸರು ಹಾಕುತ್ತಿಲ್ಲ. ಯಜಮಾನರೇ ಬೇಡ ಅಂದರು. "ಕೋವಿ ಅಂಗಡಿಗೆ ಪ್ರಚಾರ ಯಾಕೆ ಸಾರ್, ಬರಬೇಕಾದವರು ಹೇಗೂ ಬರ್ತಾರೆ, ಬರಬಾರದವರು ಬರದೇ ಇದ್ರೆ ಸಾಕು" ಅಂದರು. ಬೆಂಗಳೂರಿನ ಬ್ರಿಗೇಡ್ ರೋಡ್ ಕಡೆ ಇದೆ ಅಂತ ಹೇಳಿದರೆ ಸಾಕು, ಲೈಸೆನ್ಸ್ ಇರುವವರಿಗೆ ಮತ್ತು ಮಕ್ಕಳನ್ನು ಶೂಟಿಂಗ್ ಕ್ಲಾಸಿಗೆ ಸೇರಿಸಿರುವವರಿಗೆ ಗೊತ್ತಾಗುತ್ತದೆ.

ನಾನು ಅಲ್ಲಿಗೆ ಎರಡು ಕಾರಣಕ್ಕೆ ಹೋಗುತ್ತೇನೆ. ಒಂದು, ಮಗಳು. ಅವಳಿಗೆ ಈಗ ಹದಿನೈದು, 2022ರಿಂದ 10 ಮೀಟರ್ ಏರ್ ರೈಫಲ್ ಕಲಿಯುತ್ತಿದ್ದಾಳೆ. ಎರಡನೆಯದು ಸಕಲೇಶಪುರದ ನಮ್ಮ ತೋಟದ ಮನೆಯಲ್ಲಿರುವ ಅಪ್ಪನ ಜೋಡು ನಳಿಗೆ ಕೋವಿ. ಅಪ್ಪನಿಗೆ ಎಪ್ಪತ್ತು ತುಂಬಿದ ಮೇಲೆ ಅದು ನನ್ನ ಹೆಸರಿಗೆ ಬಂತು, 2016ರ ಆಯುಧ ನಿಯಮದಲ್ಲಿ ಹಾಗೆ ಮಾಡಲು ಅವಕಾಶ ಇದೆ. ಅಂದರೆ ಮಗಳ ಪೆಲೆಟ್ಟು (ಏರ್ ರೈಫಲ್ಲಿನ ಪುಟ್ಟ ಸೀಸದ ಗುಂಡು), ನನ್ನ ತೋಟೆ, ಎರಡಕ್ಕೂ ದುಡ್ಡು ಕೊಡುವವನು ನಾನೇ. ಹಾಗಾಗಿ ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಪುಟಗಳಲ್ಲಿ ಪ್ರತಿ ಸಲದ ಬೆಲೆ ಬರೆದಿಡುವ ಅಭ್ಯಾಸ ಶುರುವಾಯಿತು. ಹೆಂಡತಿ ಇದನ್ನು ಹುಚ್ಚು ಅನ್ನುತ್ತಾಳೆ, ಇರಬಹುದು. ಆದರೆ ಈ ಅಂಗಡಿ ಒಳ್ಳೆಯದು ಅಂತ ನನಗೆ ಗೊತ್ತಾಗಿದ್ದು ಆ ಪುಟಗಳಿಂದಲೇ.

ಮೊದಲು ಬೇಜಾರಿನ ವಿಷಯ ಹೇಳಿಬಿಡುತ್ತೇನೆ. ಫೋನಿನಲ್ಲಿ ತೋಟೆಯ ರೇಟು ಹೇಳುವುದಿಲ್ಲ. ಎಷ್ಟು ಸಲ ಕೇಳಿದರೂ "ಬುಕ್ ತಗೊಂಡು ಬನ್ನಿ ಸಾರ್" ಅಷ್ಟೇ. ಬುಕ್ ಅಂದರೆ ಲೈಸೆನ್ಸ್. ಅದರಲ್ಲಿ ನೀವು ವರ್ಷಕ್ಕೆ ಎಷ್ಟು ತೋಟೆ ಕೊಳ್ಳಬಹುದು, ಒಂದು ಸಲಕ್ಕೆ ಎಷ್ಟು ಇಟ್ಟುಕೊಳ್ಳಬಹುದು ಅಂತ ಬರೆದಿರುತ್ತದೆ. ಅವರು ಅದನ್ನು ನೋಡಿ, ಯುಐಎನ್ ಅನ್ನುವ ಲೈಸೆನ್ಸಿನ ಗುರುತಿನ ನಂಬರ್ ರಿಜಿಸ್ಟರಿಗೆ ಇಳಿಸಿ, ಬುಕ್ಕಿನ ಹಿಂದೆ ಎಂಟ್ರಿ ಹಾಕಿ ಸೀಲ್ ಹೊಡೆದು ಕೊಡುತ್ತಾರೆ. ಇಪ್ಪತ್ತೈದು ತೋಟೆಗೆ ಮುಕ್ಕಾಲು ಗಂಟೆ. ಮುಂದೆ ಇಬ್ಬರು ಇದ್ದರೆ ಮಧ್ಯಾಹ್ನದ ಊಟ ಮರೆತುಬಿಡಿ. ಕೂರಲು ಇರುವುದು ಎರಡೇ ಸ್ಟೂಲು. ಪಾರ್ಕಿಂಗ್ ಕೇಳಲೇಬೇಡಿ, ಮೆಟ್ರೋದಲ್ಲಿ ಎಂಜಿ ರೋಡ್ ಇಳಿದು ನಡೆಯಿರಿ. ಬರುವಾಗ ತೋಟೆ ಇದ್ದರೆ ಮಾತ್ರ ಆಟೋ, ಮೆಟ್ರೋದ ಬ್ಯಾಗ್ ತಪಾಸಣೆಯಲ್ಲಿ ಅದು ನಡೆಯುವುದಿಲ್ಲ.

ಪೆಲೆಟ್ಟಿಗೆ ಇಷ್ಟೆಲ್ಲ ಇಲ್ಲ. 4.5 ಮಿಲಿಮೀಟರ್‌ಗಿಂತ ದೊಡ್ಡದಲ್ಲದ, 20 ಜೂಲ್‌ಗಿಂತ ಹೆಚ್ಚು ಶಕ್ತಿ ಇಲ್ಲದ ಏರ್ ರೈಫಲ್ಲಿಗೆ ಲೈಸೆನ್ಸ್ ಬೇಡ. ಹಾಗಾಗಿ ಮಗಳ ಖರೀದಿ ಹತ್ತು ನಿಮಿಷದ ಕೆಲಸ ಆಗಬೇಕಿತ್ತು. ಆಗುವುದಿಲ್ಲ. ಅವಳು ಟಿನ್ ಮುಚ್ಚಳ ತೆಗೆದು, ಬ್ಯಾಚ್ ನಂಬರ್ ನೋಡಿ, ಕೋಚಿಗೆ ಫೋಟೋ ಕಳಿಸಿ, ಉತ್ತರ ಬರುವವರೆಗೆ ಕಾಯುತ್ತಾಳೆ. ಯಜಮಾನರು ಒಂದು ದಿನವೂ ಮುಖ ಸಿಂಡರಿಸಿಲ್ಲ.

ಈಗ ಬೆಲೆಯ ವಿಷಯ. ನನ್ನ ಷಡ್ಡಕ ಡಲ್ಲಾಸ್‌ನಲ್ಲಿದ್ದಾನೆ, ಅವನಿಗೂ ಇದೇ ಚಟ. 2020ರಲ್ಲಿ ಅಮೆರಿಕದಲ್ಲಿ ಕೋವಿಡ್, ಗಲಾಟೆ, ಚುನಾವಣೆ ಎಲ್ಲ ಒಟ್ಟಿಗೆ ಬಂದು ಜನ ಮುಗಿಬಿದ್ದು ಕೊಂಡರು. ಕೋವಿ ಕೊಳ್ಳುವ ಮುಂಚೆ ಮಾಡುವ ಹಿನ್ನೆಲೆ ತಪಾಸಣೆಗಳೇ ಆ ಒಂದು ವರ್ಷದಲ್ಲಿ ಸುಮಾರು 3.97 ಕೋಟಿ. 9 ಎಂಎಂ ಪಿಸ್ತೂಲಿನ ಗುಂಡು ಒಂದಕ್ಕೆ ಇಪ್ಪತ್ತು ಸೆಂಟ್ ಆಸುಪಾಸು ಇದ್ದದ್ದು 2021ರ ಹೊತ್ತಿಗೆ ಮೂರು ಪಟ್ಟು ದಾಟಿತು. ಅವನು ಗುಂಡಿಗೆ ಎಷ್ಟು ಸೆಂಟ್ ಅಂತ ದಿನದಿನದ ಗ್ರಾಫ್ ಕಳಿಸುತ್ತಿದ್ದ. ಚಿನ್ನದ ರೇಟಿನ ಥರ. ಆಮೇಲೆ ಅದು ಇಳಿಯಿತು ಅನ್ನಿ.

ನಾನು ದಡ್ಡ, 2022ರಲ್ಲಿ ಮಗಳಿಗಾಗಿ ಅಂಗಡಿ ಹುಡುಕುವಾಗ ಆ ಗ್ರಾಫ್ ನೋಡಿಕೊಂಡು "ಅಲ್ಲಿ ಇಳಿದಿದೆ, ಇಲ್ಲೂ ಇಳಿಯುತ್ತದೆ, ಕಾಯೋಣ" ಅಂತ ಎರಡು ತಿಂಗಳು ತಳ್ಳಿದೆ. ಈ ಯಜಮಾನರ ಹತ್ತಿರ ಅದನ್ನು ಹೇಳಿದಾಗ ನಕ್ಕುಬಿಟ್ಟರು. "ಸಾರ್, 9 ಎಂಎಂ ನಮ್ಮಲ್ಲಿ ಸಾಮಾನ್ಯ ಜನಕ್ಕೆ ನಿಷೇಧ. ನಿಮ್ಮ ತೋಟೆ ಬರೋದು ಪುಣೆ ಹತ್ತಿರದ ಖಡ್ಕಿಯಿಂದ. ನಿಮ್ಮ ಮಗಳ ಪೆಲೆಟ್ಟು ಬರೋದು ಜರ್ಮನಿಯಿಂದ. ಡಲ್ಲಾಸ್ ಎಲ್ಲಿಂದ ಬಂತು?"

ಸರಿ ಅಲ್ವಾ. ಅವತ್ತಿನಿಂದ ಪುಸ್ತಕದಲ್ಲಿ ಎರಡು ಬೇರೆ ಬೇರೆ ಪುಟ ಮಾಡಿದೆ.

ತೋಟೆಯ ಪುಟ ನೋಡಿದರೆ ಮೆಟ್ಟಿಲಿನ ಥರ ಕಾಣುತ್ತದೆ. ತಿಂಗಳುಗಟ್ಟಲೆ ಒಂದೇ ಬೆಲೆ, ಆಮೇಲೆ ಒಂದು ದಿನ ಹೋದರೆ ತೋಟೆಗೆ ಹತ್ತು ರೂಪಾಯಿ ಜಾಸ್ತಿ, ಮತ್ತೆ ತಿಂಗಳುಗಟ್ಟಲೆ ಅಲ್ಲೇ. ಇದಕ್ಕೆ ಕಾರಣ ಸುಲಭ. ನಮ್ಮಂಥವರು ಕೊಳ್ಳುವ ಶಕ್ತಿಮಾನ್ ತೋಟೆ ಸರ್ಕಾರಿ ಕಾರ್ಖಾನೆಯದು, 1869ರಲ್ಲಿ ಶುರುವಾದ ಖಡ್ಕಿ ಕಾರ್ಖಾನೆ. ಕಾರ್ಖಾನೆ ರೇಟು ಬದಲಿಸಿದ ದಿನ ಇಲ್ಲಿ ಬದಲಾಗುತ್ತದೆ, ಅದು ಬಿಟ್ಟು ಬೇಡಿಕೆ ಏರಿತು ಇಳಿಯಿತು ಅಂತೆಲ್ಲ ಇಲ್ಲ. 2021ರ ಅಕ್ಟೋಬರ್ 1ಕ್ಕೆ ಸರ್ಕಾರಿ ಮದ್ದುಗುಂಡು ಕಾರ್ಖಾನೆಗಳನ್ನು ನಡೆಸುತ್ತಿದ್ದ ಆರ್ಡ್‌ನೆನ್ಸ್ ಫ್ಯಾಕ್ಟರಿ ಬೋರ್ಡನ್ನು ಒಡೆದು ಏಳು ಕಂಪನಿ ಮಾಡಿದರು, ಖಡ್ಕಿ ಮ್ಯುನಿಷನ್ಸ್ ಇಂಡಿಯಾ ಪಾಲಿಗೆ ಬಂತು. ಕಂಪನಿ ಆದ ಮೇಲೆ ಮೆಟ್ಟಿಲು ಹತ್ತಿರ ಹತ್ತಿರ ಬರುತ್ತವೆ ಅಂತ ಯಜಮಾನರ ಲೆಕ್ಕ. ನನ್ನ ಪುಟ ಅಷ್ಟು ಹಿಂದಕ್ಕೆ ಹೋಗುವುದಿಲ್ಲ, ಅವರ ರಿಜಿಸ್ಟರ್ ಹೋಗುತ್ತದೆ, ಹಾಗಾಗಿ ಅವರ ಮಾತು ನಂಬುತ್ತೇನೆ.

ಹಾಗಂತ ತೋಟೆಯ ಬೆಲೆ ನಮ್ಮಂಥವರ ತಲೆನೋವೇ ಅಲ್ಲ. ವರ್ಷಕ್ಕೆ ನಾನು ಹೊಡೆಯುವುದು ಹತ್ತೋ ಹನ್ನೆರಡೋ, ಅದೂ ಮಂಗಗಳನ್ನು ಓಡಿಸಲು ಆಕಾಶಕ್ಕೆ. ಆನೆ ಬಂದರೆ ಕೋವಿ ಮುಟ್ಟುವುದೇ ಇಲ್ಲ, ಪಟಾಕಿ, ಫಾರೆಸ್ಟಿನವರಿಗೆ ಫೋನು. ನಿಜವಾದ ಖರ್ಚು ಬೇರೆ ಕಡೆ ಇದೆ. ಚುನಾವಣೆ ಬಂದಾಗಲೆಲ್ಲ ಕೋವಿಯನ್ನು ಠಾಣೆಯಲ್ಲಿ ಇಲ್ಲವೇ ಲೈಸೆನ್ಸ್ ಇರುವ ಅಂಗಡಿಯಲ್ಲಿ ಠೇವಣಿ ಇಡಬೇಕು. 2023ರಲ್ಲಿ ವಿಧಾನಸಭೆ, 2024ರಲ್ಲಿ ಲೋಕಸಭೆ, ಎರಡು ಸಲವೂ ನಾನು ಇವರ ಹತ್ತಿರ ಇಟ್ಟೆ. ಎಣ್ಣೆ ಹಚ್ಚಿ, ಚೀಟಿ ಕಟ್ಟಿ, ಗಾದ್ರೆಜ್ ಬೀರುವಿನಲ್ಲಿ ಇಟ್ಟು ಚೆನ್ನಾಗಿಯೇ ನೋಡಿಕೊಂಡರು, ಊರಿನ ತೇವದಲ್ಲಿ ಇರುವುದಕ್ಕಿಂತ ಚೆನ್ನಾಗಿ. ಆದರೆ ಬಾಡಿಗೆ ತಿಂಗಳ ಲೆಕ್ಕ. ಎರಡು ತಿಂಗಳ ಮೇಲೆ ಐದು ದಿನ ಆಗಿದ್ದಕ್ಕೆ ಮೂರು ತಿಂಗಳ ದುಡ್ಡು ತಗೊಂಡರು. ಜಗಳ ಆಡಿದೆ, ಪ್ರಯೋಜನ ಆಗಲಿಲ್ಲ. ಇದಕ್ಕೆ ಒಂದು ಸ್ಟಾರ್ ಕಟ್.

ಪೆಲೆಟ್ಟಿನ ಪುಟವೇ ಸ್ವಾರಸ್ಯದ್ದು. ಮಗಳು ವಾರಕ್ಕೆ ನಾಲ್ಕು ದಿನ, ದಿನಕ್ಕೆ ಎಂಬತ್ತರಿಂದ ನೂರು ಈಡು ಹೊಡೆಯುತ್ತಾಳೆ. ಪಂದ್ಯ ಅಂದರೆ 60 ಈಡು, ಆದರೆ ಅರುವತ್ತಕ್ಕೆ ತಯಾರಾಗಲು ಎಷ್ಟು ಸಾವಿರ ಬೇಕೋ. 500ರ ಟಿನ್ ಒಂದೂವರೆ ವಾರ ಬಂದರೆ ಹೆಚ್ಚು. 2022ರಲ್ಲಿ ಪ್ರಾಕ್ಟೀಸಿನ ಟಿನ್ನಿಗೆ ನಾನು ಕೊಟ್ಟದ್ದು 650, ಅಂದರೆ ಈಡಿಗೆ ಒಂದು ರೂಪಾಯಿ ಮೂವತ್ತು ಪೈಸೆ. ಮೂರು ವರ್ಷದ ಮೇಲೆ ಅದೇ ಟಿನ್ 880. ಪಂದ್ಯಕ್ಕೆ ಬಳಸುವ ಒಳ್ಳೆಯ ಟಿನ್ ಈಡಿಗೆ ಮೂರು ರೂಪಾಯಿಗೆ ಬಂದು ನಿಂತಿದೆ.

ಸೀಸದ ಬೆಲೆ ಏರಿದೆ, ಅದಕ್ಕೇ ಅಂತ ಶೂಟಿಂಗ್ ರೇಂಜಿನಲ್ಲಿ ಎಲ್ಲ ಅಪ್ಪಂದಿರೂ ಹೇಳುತ್ತಾರೆ. ನಾನೂ ನಂಬಿದ್ದೆ. ಒಂದು ದಿನ ಸುಮ್ನೆ ಲೆಕ್ಕ ಹಾಕಿದೆ. ರೈಫಲ್ ಪೆಲೆಟ್ ಒಂದು ಸುಮಾರು 0.53 ಗ್ರಾಂ. 500 ಪೆಲೆಟ್ಟಿಗೆ 265 ಗ್ರಾಂ. ಸೀಸ ಕಿಲೋಗೆ 200 ರೂಪಾಯಿ ಅಂತಲೇ ಹಿಡಿದರೂ ಇಡೀ ಟಿನ್ನಿನಲ್ಲಿರುವ ಸೀಸ 53 ರೂಪಾಯಿದು! ಸೀಸ ಇಪ್ಪತ್ತು ಪರ್ಸೆಂಟ್ ಏರಿದರೂ ಟಿನ್ನಿಗೆ ಹತ್ತು ರೂಪಾಯಿ ಏರಬೇಕು, ಅಷ್ಟೇ. ನಾವು ದುಡ್ಡು ಕೊಡುತ್ತಿರುವುದು ಸೀಸಕ್ಕಲ್ಲ. ಒಂದರ ಹಾಗೇ ಇನ್ನೊಂದು ಇರುವಂತೆ ಐನೂರು ಮಾಡಿದ ಮೆಷಿನ್ನಿಗೆ, ಹಡಗಿಗೆ, ಕಸ್ಟಮ್ಸಿಗೆ, ಮುಖ್ಯವಾಗಿ ಯೂರೋಗೆ. 2022ರ ಸೆಪ್ಟೆಂಬರಿನಲ್ಲಿ ಯೂರೋ 80 ರೂಪಾಯಿ ಆಸುಪಾಸು ಇತ್ತು, 2025ರ ಸೆಪ್ಟೆಂಬರಿಗೆ 100 ದಾಟಿತ್ತು. ಅಲ್ಲಿಗೇ ಇಪ್ಪತ್ತೈದು ಪರ್ಸೆಂಟ್ ಆಯಿತು. ನನ್ನ ಟಿನ್ ಏರಿರುವುದು ಮೂವತ್ತೈದು. ಉಳಿದ ಹತ್ತು ಎಲ್ಲಿ ಹೋಯಿತು ಅಂತ ಯಜಮಾನರನ್ನು ಕೇಳಿದರೆ, ತಲೆ ಎತ್ತಿ ಸೂರು ತೋರಿಸಿ, "ಈ ರೋಡಲ್ಲಿ ಬಾಡಿಗೆ ಯಾರು ಕಟ್ಟೋದು ಸಾರ್?" ಅಂದರು.

ಆದರೆ ಯೂರೋ ಇವತ್ತು ಏರಿದರೆ ಟಿನ್ ನಾಳೆ ಏರುವುದಿಲ್ಲ. ಸರಕು ಯಾವಾಗ ಬಂತು ಅನ್ನುವುದರ ಮೇಲೆ ಇರುತ್ತದೆ. ಈ ಅಂಗಡಿಯನ್ನು ನಾನು ಹೊಗಳುವುದು ಇದೇ ಕಾರಣಕ್ಕೆ. ಪ್ರತಿ ಟಿನ್ನಿನ ತಳದಲ್ಲಿ ಒಂದು ಪುಟ್ಟ ಚೀಟಿ ಅಂಟಿಸಿ, ಬಂದ ತಿಂಗಳು ಮತ್ತು ಬೆಲೆಯನ್ನು ಪೆನ್ಸಿಲಿನಲ್ಲಿ ಬರೆದಿರುತ್ತಾರೆ. ಹಳೇ ಸರಕು ಖಾಲಿ ಆಗುವವರೆಗೆ ಹಳೇ ರೇಟು. ಕಪಾಟಿನಲ್ಲಿ ಒಂದೇ ಬ್ರ್ಯಾಂಡಿನ ಎರಡು ಸಾಲು, ಎರಡು ಬೆಲೆ. ಮೊದಲ ಸಲ ನೋಡಿದಾಗ ಏನೋ ಮೋಸ ಇದೆ ಅಂದುಕೊಂಡಿದ್ದೆ. ಕೇಳಿದರೆ, "ಇದು ಮಾರ್ಚಿನದು, ಇದು ಜುಲೈದು. ಮಾರ್ಚಿನದು ನಾನು ಕಡಿಮೆಗೆ ತಂದೆ, ಜಾಸ್ತಿಗೆ ಯಾಕೆ ಮಾರಲಿ?" ಅಂತ ನನ್ನನ್ನೇ ಕೇಳಿದರು. ಈ ಊರಿನಲ್ಲಿ ಪೆಟ್ರೋಲ್ ಬಂಕಿನಿಂದ ಹಿಡಿದು ತರಕಾರಿ ಗಾಡಿಯವರೆಗೆ ಯಾರು ಈ ಮಾತು ಹೇಳುತ್ತಾರೆ, ಹೇಳಿ ನೋಡೋಣ. ಚೀಟಿ ಇದೆ ಅಂತಲೇ ನನ್ನ ಲೆಕ್ಕಕ್ಕೆ ಒಂದು ಅರ್ಥ ಬಂತು. ಬೇರೆ ಅಂಗಡಿಗಳಲ್ಲಿ ಬೆಲೆ ಮಾತ್ರ ಗೊತ್ತಾಗುತ್ತದೆ, ಯಾವಾಗಿನ ಬೆಲೆ ಅಂತ ಗೊತ್ತಾಗುವುದಿಲ್ಲ.

ಆನ್‌ಲೈನಿನಲ್ಲಿ ಕಡಿಮೆ ಇದೆಯಲ್ಲ ಅನ್ನುತ್ತೀರಾ? ನಾನೂ ತರಿಸಿದೆ, ಒಂದು ಸಲ, ಟಿನ್ನಿಗೆ ತೊಂಬತ್ತು ರೂಪಾಯಿ ಉಳಿಯಿತು ಅಂತ ಆರು ಟಿನ್. ಬಾಕ್ಸ್ ಎಲ್ಲಿ ಬಿದ್ದಿತ್ತೋ, ಟಿನ್ನು ನಗ್ಗಿದ್ದವು, ಒಳಗೆ ಪೆಲೆಟ್ಟಿನ ಅಂಚು ಸೊಟ್ಟಗಾಗಿದ್ದವು. ಮೇಲಾಗಿ ಆರು ಟಿನ್ನಿಗೆ ನಾಲ್ಕು ಬ್ಯಾಚ್. 10 ಮೀಟರ್ ಗುರಿಯಲ್ಲಿ ಹತ್ತು ಅಂಕದ ಚುಕ್ಕೆ ಅಂದರೆ ಅರ್ಧ ಮಿಲಿಮೀಟರ್, ಪೆನ್ನಿನ ತುದಿಯಷ್ಟು. ಅಲ್ಲಿ ಸೊಟ್ಟ ಪೆಲೆಟ್ ಹಾಕಿ ಹೊಡೆದು ಮಗಳು ಒಂದು ವಾರ ತನ್ನ ಕೈಯೇ ಕೆಟ್ಟಿತು ಅಂತ ಅತ್ತಳು. ವಾಪಸ್ ತಗೊಳ್ಳಲಿಲ್ಲ, ತೆರೆದ ಟಿನ್ ವಾಪಸ್ ಇಲ್ಲವಂತೆ. ತೆರೆಯದೆ ಸೊಟ್ಟ ಇದೆ ಅಂತ ಹೇಗಪ್ಪ ಗೊತ್ತಾಗಬೇಕು! ಆ 540 ರೂಪಾಯಿ ಉಳಿತಾಯವನ್ನು ಪುಸ್ತಕದಲ್ಲಿ ಕೆಂಪು ಇಂಕಿನಲ್ಲಿ ಬರೆದಿದ್ದೇನೆ.

ಕೊಳ್ಳುವವರಿಗೆ ಒಂದು ಉಪಾಯ: ಸ್ಪರ್ಧೆಗಳು ಶುರುವಾಗುವ ಮುಂಚೆ ಹೋಗಬೇಡಿ. ರೇಟು ಏರಿರುತ್ತದೆ ಅಂತಲ್ಲ, ಬೇಕಾದ ಬ್ಯಾಚ್ ಇರುವುದಿಲ್ಲ. ಕ್ಲಬ್ಬಿನವರು ಬಂದು ಇಡೀ ಪೆಟ್ಟಿಗೆಯನ್ನೇ ಎತ್ತಿಕೊಂಡು ಹೋಗಿರುತ್ತಾರೆ. ಹೊಸ ಸರಕು ಬಂದ ವಾರ, ಹಳೇದು ಇನ್ನೂ ಎರಡು ಮೂರು ಟಿನ್ ಉಳಿದಿರುವಾಗ ಹೋದರೆ ಲಾಭ. ಅದು ಯಾವಾಗ ಅಂತ ಮಾತ್ರ ಫೋನಿನಲ್ಲಿ ಹೇಳುತ್ತಾರೆ, ಪುಣ್ಯಕ್ಕೆ.

ರಿವಾಲ್ವರ್, ಪಿಸ್ತೂಲು ಕೊಳ್ಳುವವರ ಬಗ್ಗೆ ನನಗೆ ಹೇಳಲು ಜಾಸ್ತಿ ಇಲ್ಲ. ಆದರೆ 2025ರ ಸೆಪ್ಟೆಂಬರ್ 22ರಿಂದ ಅವುಗಳ ಜಿಎಸ್‌ಟಿ 28ರಿಂದ 40 ಪರ್ಸೆಂಟ್ ಆಯಿತು. ಮೂಲ ಬೆಲೆ ಒಂದು ಲಕ್ಷ ಇದ್ದರೆ ಹನ್ನೆರಡು ಸಾವಿರ ಜಾಸ್ತಿ. ಅವತ್ತೇ ನವರಾತ್ರಿ ಶುರು. ಟಿವಿಯಲ್ಲಿ ಸೋಪು, ಶಾಂಪೂ, ಸಣ್ಣ ಕಾರು ಎಲ್ಲ ಇಳಿಯಿತು ಅಂತ ಹಬ್ಬ ಮಾಡುತ್ತಿದ್ದರು, ಇಲ್ಲಿ ಒಬ್ಬ ಹಿರಿಯರು ಕ್ಯಾಲ್ಕುಲೇಟರ್ ಹಿಡಿದು ಸ್ಟೂಲ್ ಮೇಲೆ ಕೂತು ನಿಟ್ಟುಸಿರು ಬಿಡುತ್ತಿದ್ದರು. ಮುಂದಿನ ವಾರ ಆಯುಧಪೂಜೆಗೆ ಹೋದೆವು. ಕೋವಿ ಅಂಗಡಿಯ ಆಯುಧಪೂಜೆ ಒಂದು ಸಲ ನೋಡಬೇಕು ಮಾರಾಯ್ರೇ. ಗೋಡೆಗೆ ಸರಪಳಿ ಹಾಕಿ ನಿಲ್ಲಿಸಿದ ಅಷ್ಟೂ ಕೋವಿಗೆ ಸೇವಂತಿಗೆ ಹೂ, ಕುಂಕುಮ, ಸಿಸಿ ಕ್ಯಾಮೆರಾಗೂ ಒಂದು ಹೂ, ಬಿಲ್ ಪುಸ್ತಕಕ್ಕೆ ಅರಿಶಿನ. ಬಂದವರಿಗೆಲ್ಲ ಕಡ್ಲೆಪುರಿ, ಬೂದುಗುಂಬಳ ಒಡೆಯಲು ಮಾತ್ರ ಫುಟ್‌ಪಾತಿನಲ್ಲಿ ಜಾಗ ಇರಲಿಲ್ಲ. ಮಗಳ ರೈಫಲ್ ತಂದಿಲ್ಲವಾ ಅಂತ ಬೈದು, ಅವಳ ಕೈಯಲ್ಲಿದ್ದ ಹೊಸ ಟಿನ್ನಿಗೇ ಕುಂಕುಮ ಇಟ್ಟು ಕೊಟ್ಟರು. ಬೆಲೆ ಏನೂ ಬಿಡಲಿಲ್ಲ.

ಐದಕ್ಕೆ ನಾಲ್ಕು ಕೊಡುತ್ತೇನೆ. ಮಧ್ಯಾಹ್ನ ಒಂದೂವರೆಯಿಂದ ಮೂರರವರೆಗೆ ಬಾಗಿಲು ಹಾಕಿರುತ್ತದೆ, ಭಾನುವಾರ ರಜೆ. ನಿನ್ನೆ ಫೋನ್ ಮಾಡಿದ್ದೆ, ಮಗಳಿಗೆ ಹೊಂದುವ ಬ್ಯಾಚಿನ ಹಳೇ ಚೀಟಿಯ ಟಿನ್ ಇನ್ನು ನಾಲ್ಕು ಉಳಿದಿವೆಯಂತೆ, ತೆಗೆದಿಡುವುದಿಲ್ಲ ಅಂದರು. ಶನಿವಾರ ಬೆಳಿಗ್ಗೆ ಹೋಗುತ್ತಿದ್ದೇನೆ. ಇದನ್ನು ಓದಿದವರು ದಯವಿಟ್ಟು ಸೋಮವಾರ ಹೋಗಿ.