ಬೇಸಗೆಯಲ್ಲಿ ನೋಡಿ ಮನೆ ಕೊಳ್ಳಬೇಡಿ

ಕಾಸರಗೋಡಿನ ಬದಿಯಡ್ಕ ಕಡೆ ಗುಡ್ಡದ ಬದಿಯ ಒಂದು ಟೆರೇಸ್ ಮನೆ. ಕೊಂಡವರು ನೋಡಿದ್ದು ಏಪ್ರಿಲಿನಲ್ಲಿ, ಹೊಸ ಪೈಂಟ್ ವಾಸನೆ ಇನ್ನೂ ಇತ್ತು. ಜುಲೈಗೆ ಕಿಟಕಿಯ ಮೂಲೆಯಿಂದ ಓರೆಯಾಗಿ, ಕೆಂಪುಕಲ್ಲಿನ ಸಂದು ಹಿಡಿದು ಮೆಟ್ಟಿಲು ಮೆಟ್ಟಿಲಾಗಿ ಬಿರುಕು, ಪೆನ್ಸಿಲ್ ತೂರುವಷ್ಟು. ಸಾರಣೆ (ಗೋಡೆಯ ಪ್ಲಾಸ್ಟರ್) ಕೆತ್ತಿದರೆ ಒಳಗಿದ್ದದ್ದು ಹಳೆಯ ಬಿರುಕೇ. ಸಿಮೆಂಟ್ ತುಂಬಿ, ಪುಟ್ಟಿ ಹಚ್ಚಿ ಮುಚ್ಚಿದ್ದರು. ಮಾರಿದವರು ಈಗ ಫೋನ್ ಎತ್ತುವುದಿಲ್ಲ.

ಕಡಿದ ಗುಡ್ಡದ ಮಣ್ಣನ್ನೇ ಮುಂದಕ್ಕೆ ತುಂಬಿಸಿ ಜಾಗ ಸಮ ಮಾಡಿದ್ದರು. ಮನೆಯ ಅರ್ಧ ಪಂಚಾಂಗ, ಅಂದರೆ ಅಡಿಪಾಯ, ಗಟ್ಟಿ ನೆಲದಲ್ಲಿ, ಇನ್ನರ್ಧ ತುಂಬಿಸಿದ ಮಣ್ಣಿನಲ್ಲಿ. ನೀರಿಳಿದಾಗ ಒಂದು ಭಾಗ ಕೂರುತ್ತದೆ, ಇನ್ನೊಂದು ಅಲುಗುವುದಿಲ್ಲ. ಎರಡೂ ಸೇರುವಲ್ಲಿ ಗೋಡೆ ಸೀಳುತ್ತದೆ.

ಮೇಸ್ತ್ರಿಗಳ ಲೆವೆಲ್ ಪೈಪಿಗೆ ನೀರು ತುಂಬಿ ಕಿಟಕಿಗಳ ಕೆಳಗಿನ ಮಟ್ಟವನ್ನು ಮನೆಯ ನಾಲ್ಕೂ ಬದಿಯಲ್ಲಿ ಹೋಲಿಸಿ. ನೆಲ ನಂಬಬೇಡಿ, ಟೈಲ್ಸ್ ಹೊಸದಾಗಿ ಹಾಕಿರಬಹುದು. ಒಂದೇ ಕಡೆಗೆ ಅರ್ಧ ಇಂಚಿಗಿಂತ ಹೆಚ್ಚು ಇಳಿದಿದ್ದರೆ ಕಾರಣ ಕೇಳಿ. ಸಾರಣೆಯ ಮೇಲಿನ ಕೂದಲೆಳೆಯಂಥ ಜಾಲ ದೊಡ್ಡ ವಿಷಯವಲ್ಲ. ಸ್ಲ್ಯಾಬಿನ ಕೆಳಗೇ ಅಡ್ಡ ಹೋದ ಗೆರೆ ಹೆಚ್ಚಾಗಿ ಬಿಸಿಲಿಗೆ ಸ್ಲ್ಯಾಬ್ ಹಿಗ್ಗಿದ್ದರಿಂದ. ಓರೆ ಬಿರುಕು, ಒಂದು ತುದಿ ಅಗಲ ಇನ್ನೊಂದು ಸಪೂರ, ಅದಕ್ಕೆ ಹೆದರಬೇಕು. ಕಪಾಟು ಸರಿಸಿ ನೋಡಿ, ಅದರ ಹಿಂದೆ ಯಾರೂ ಪೈಂಟ್ ಮಾಡುವುದಿಲ್ಲ.

ಬಾವಿಗೆ ಇಣುಕಿದರೆ ಮಣ್ಣಿನ ಪರೀಕ್ಷೆ ಪುಕ್ಕಟೆ. ಕಲ್ಲಿನ ಪದರ ತೆಳು, ಅದರಡಿ ಶೇಡಿಮಣ್ಣು (ಮೆತ್ತಗಿನ ಜೇಡಿಮಣ್ಣು) ಕಂಡರೆ ಮನೆಯ ಹಿಂದಿನ ಬರೆ, ಅಂದರೆ ಗುಡ್ಡ ಕಡಿದ ಮಣ್ಣಿನ ಗೋಡೆ, ಜರಿಯುವ ಸಾಧ್ಯತೆ ಇದೆ. ತಡೆಗೋಡೆ ಹೊಟ್ಟೆ ಬಿಟ್ಟಿದೆಯೇ, ನೀರು ಹೋಗುವ ತೂತುಗಳಿವೆಯೇ, ಮಳೆಯಲ್ಲಿ ಅವು ಸುರಿಯುತ್ತವೆಯೇ ನೋಡಿ. ಬಾಯಾರು, ಪಡ್ರೆ ಕಡೆಯಾದರೆ ನೀರಿಗಾಗಿ ಗುಡ್ಡದೊಳಗೆ ಅಡ್ಡಕ್ಕೆ ಕೊರೆದ ಹಳೆಯ ಸುರಂಗ ಎಲ್ಲಿ ಹೋಗುತ್ತದೆ ಎಂದು ನೆರೆಯ ಅಜ್ಜಂದಿರಲ್ಲಿ ಕೇಳಿ, ಸುರಂಗದ ಬಾಯಿ ಮುಚ್ಚಿದರೂ ಒಳಗೆ ಪೊಳ್ಳು ಉಳಿದಿರುತ್ತದೆ.

ಕುಂಬಳೆ, ಮಂಜೇಶ್ವರದ ಕಡಲ ಬದಿಯಲ್ಲಿ ಉಪ್ಪು ಕಬ್ಬಿಣ ತಿನ್ನುತ್ತದೆ. ತುಕ್ಕು ಉಬ್ಬಿ ಕಾಂಕ್ರೀಟನ್ನು ಹೊರತಳ್ಳುತ್ತದೆ. ಸ್ಲ್ಯಾಬಿನ ಅಡಿಗೆ ಸಣ್ಣ ಸುತ್ತಿಗೆಯಲ್ಲಿ ತಟ್ಟಿ, ಪೊಳ್ಳು ಸದ್ದು ಕೇಳಿದಲ್ಲಿ ಗುರುತು ಹಾಕಿ. ಟೆರೇಸಿನ ಮೇಲೆ ಶೀಟ್ ಹಾಕಿದ್ದು ಅಡಿಕೆ ಒಣಗಿಸಲು ಎನ್ನುತ್ತಾರೆ. ಸೋರಿಕೆ ಮುಚ್ಚಲೂ ಹಾಕುತ್ತಾರೆ.

ಗದ್ದೆ ತುಂಬಿಸಿ ಕಟ್ಟಿದ್ದಾದರೆ 2008ರ ಕೇರಳ ಗದ್ದೆ ಸಂರಕ್ಷಣಾ ಕಾಯ್ದೆಯ ಡಾಟಾ ಬ್ಯಾಂಕಿನಲ್ಲಿ (ಗದ್ದೆ ಎಂದು ಗುರುತಿಸಿದ ಜಾಗಗಳ ಪಟ್ಟಿ) ಆ ಸರ್ವೆ ನಂಬರ್ ಇದೆಯೇ ಎಂದು ಊರಿನ ಕೃಷಿ ಕಚೇರಿಯಾದ ಕೃಷಿಭವನದಲ್ಲಿ ವಿಚಾರಿಸಿ.

ಅಡ್ವಾನ್ಸ್ ಕೊಡುವ ಮೊದಲೇ ಸಂಶಯದ ಜಾಗದಲ್ಲಿ ಒಂದು ಚದರಡಿ ಸಾರಣೆ ಕೆತ್ತಲು ಅನುಮತಿ ಕೇಳಿ. ಆಗುವುದಿಲ್ಲ ಎಂದರೆ ಬೇರೆ ಮನೆ ನೋಡಿ.